ಗ್ರಾಹಕರ ಸೈಟ್ ಎಲ್ಲಿಡಬೇಕು? ವೆಬ್ ಡೆವಲಪ್‌ಮೆಂಟ್ ವ್ಯವಹಾರಕ್ಕಿಳಿಯುವವರಿಗೆ ಹೋಸ್ಟಿಂಗ್ ಆಯ್ಕೆಯ ಸಮಗ್ರ ಮಾರ್ಗದರ್ಶಿ

ಹೋಸ್ಟಿಂಗ್ (ಸದಾ ಚಾಲೂ ಇರುವ ಸರ್ವರ್ ಕಂಪ್ಯೂಟರಿನಲ್ಲಿ ಸೈಟಿಗೆ ಬಾಡಿಗೆ ಜಾಗ) ಹುಡುಕಲು ಕೂತವರು ಮೊದಲು ನೋಡುವುದು ಎಷ್ಟು ಜಿಬಿ ಜಾಗ, ಎಷ್ಟು ರ‍್ಯಾಮ್, ತಿಂಗಳಿಗೆ ಎಷ್ಟು ದುಡ್ಡು ಎಂಬ ಪಟ್ಟಿಯನ್ನು. ಸ್ವಂತ ಬ್ಲಾಗ್‌ಗಾದರೆ ಅಷ್ಟು ಸಾಕು. ಬೇರೆಯವರಿಗೆ ಸೈಟ್ ಮಾಡಿಕೊಟ್ಟು ಬದುಕುವವರಿಗೆ ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದ ವಿಷಯವೊಂದಿದೆ: ರಾತ್ರಿ ಹನ್ನೊಂದಕ್ಕೆ ಸೈಟ್ ಮಲಗಿದರೆ ಫೋನ್ ಯಾರಿಗೆ ಬರುತ್ತದೆ, ಎದ್ದು ಸರಿಮಾಡುವವರು ಯಾರು? ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವುದು), ವಿಪಿಎಸ್ (ಸರ್ವರಿನ ಪ್ರತ್ಯೇಕ ಪಾಲು), ಕ್ಲೌಡ್ (ಬಳಸಿದಷ್ಟಕ್ಕೆ ಬಾಡಿಗೆ ಕೊಡುವ ಸರ್ವರ್‌ಗಳು) ಎಂಬ ಹೆಸರುಗಳ ಹಿಂದೆ ಇರುವ ನಿಜವಾದ ವ್ಯತ್ಯಾಸ ಈ ಹೊಣೆಯ ಹಂಚಿಕೆಯೇ. ದರ ಕಡಿಮೆಯಾದಷ್ಟೂ ಒಂದೋ ಹಿಡಿತ ಕಡಿಮೆ, ಇಲ್ಲವೇ ನಿಮ್ಮ ಕೆಲಸ ಜಾಸ್ತಿ.

ಹಂತ 1: ಖಾತೆ ಯಾರ ಹೆಸರಲ್ಲಿ ಎಂದು ಮೊದಲೇ ಬರೆದಿಡಿ

ಮೂರು ದಾರಿಗಳಿವೆ. ಒಂದು, ಗ್ರಾಹಕರೇ ತಮ್ಮ ಹೆಸರಲ್ಲಿ ಹೋಸ್ಟಿಂಗ್ ಕೊಂಡು ನಿಮಗೆ ಪ್ರವೇಶ ಕೊಡುವುದು. ಎರಡು, ನೀವು ರೀಸೆಲ್ಲರ್ ಪ್ಯಾಕೇಜ್ (ಸಗಟಾಗಿ ಕೊಂಡು ಹಂಚಿ ಮಾರುವ ಹೋಸ್ಟಿಂಗ್) ಕೊಂಡು ಅದರಲ್ಲಿ ಪ್ರತಿ ಗ್ರಾಹಕರಿಗೂ ಒಂದು ಖಾತೆ ಮಾಡಿಕೊಡುವುದು. ಮೂರು, ನಿಮ್ಮದೇ ಸರ್ವರ್‌ನಲ್ಲಿ ಸೈಟ್ ಇಟ್ಟು, ನಿರ್ವಹಣೆಯನ್ನೂ ಸೇರಿಸಿ ತಿಂಗಳಿಗೋ ವರ್ಷಕ್ಕೋ ಶುಲ್ಕ ಪಡೆಯುವುದು.

ಮೊದಲ ನಾಲ್ಕೈದು ಗ್ರಾಹಕರಿಗೆ ಮೊದಲ ದಾರಿಯೇ ಕ್ಷೇಮ. ಬಿಲ್ ಅವರದು, ಖಾತೆ ಅವರದು. ನೀವು ಮಾಡಿದ ಕೆಲಸಕ್ಕೆ ಮಾತ್ರ ನೀವು ಜವಾಬ್ದಾರರು. ಇದರ ತೊಂದರೆ ಏನೆಂದರೆ ಹತ್ತು ಗ್ರಾಹಕರು ಹತ್ತು ಕಂಪನಿಗಳಲ್ಲಿರುತ್ತಾರೆ, ಹತ್ತು ಬಗೆಯ ಕಂಟ್ರೋಲ್ ಪ್ಯಾನೆಲ್ ಕಲಿಯಬೇಕು. ಆಗ ಮೂರನೆಯ ದಾರಿಯತ್ತ ಹೋಗಬಹುದು. ರೀಸೆಲ್ಲರ್ ಇವೆರಡರ ನಡುವಿನ ಮೆಟ್ಟಿಲು. ಲಾಭ ಮೂರನೆಯದರಲ್ಲಿ ಹೆಚ್ಚು, ತಲೆನೋವೂ ಅದರಲ್ಲೇ.

ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುವ ಅಭ್ಯಾಸ ಬೇಡ. ಹೆಚ್ಚಿನ ಹೋಸ್ಟಿಂಗ್ ಕಂಪನಿಗಳಲ್ಲೂ ಡೊಮೇನ್ ರಿಜಿಸ್ಟ್ರಾರ್‌ಗಳಲ್ಲೂ (ಸೈಟಿನ ವಿಳಾಸದ ಹೆಸರನ್ನು ನೋಂದಾಯಿಸುವ ಕಂಪನಿಗಳು) ಇನ್ನೊಬ್ಬರನ್ನು ಸದಸ್ಯರಾಗಿ ಸೇರಿಸುವ ಸೌಲಭ್ಯವಿದೆ. ಅದನ್ನು ಬಳಸಿದರೆ ಕೆಲಸ ಮುಗಿದ ದಿನ ನಿಮ್ಮ ಪ್ರವೇಶವನ್ನು ಮಾತ್ರ ತೆಗೆದರಾಯಿತು, ಉಳಿದದ್ದೇನೂ ಮುಟ್ಟಬೇಕಿಲ್ಲ.

ಹೋಸ್ಟಿಂಗ್ ಯಾರ ಹೆಸರಲ್ಲೇ ಇರಲಿ, ಡೊಮೇನ್ ಮಾತ್ರ ಗ್ರಾಹಕರ ಹೆಸರಲ್ಲಿ, ಅವರದೇ ಇಮೇಲ್ ವಿಳಾಸದಲ್ಲಿ ಇರಬೇಕು. ಆ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಅವಧಿ ಮುಗಿದರೆ ಇಮೇಲ್ ಕೂಡ ನಿಲ್ಲುತ್ತದೆ, ನವೀಕರಣದ ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ. ಡಾಟ್ ಕಾಮ್ ಡೊಮೇನ್ ಒಮ್ಮೆ ಅಳಿಸಿಹೋದರೆ 30 ದಿನಗಳ ರಿಡೆಂಪ್ಷನ್ ಅವಧಿ ಇರುತ್ತದೆ. ಆಗ ವಾಪಸ್ ಪಡೆಯಲು ಮಾಮೂಲಿ ದರದ ಹಲವು ಪಟ್ಟು ತೆರಬೇಕು. ಹೊಸದಾಗಿ ನೋಂದಾಯಿಸಿದ ಡೊಮೇನನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲಾಗುವುದಿಲ್ಲ ಎಂಬುದೂ ಗೊತ್ತಿರಲಿ. ಅವಸರಕ್ಕೆ ನಿಮ್ಮ ಖಾತೆಯಲ್ಲೇ ಕೊಂಡು ಆಮೇಲೆ ವರ್ಗಾಯಿಸೋಣ ಎಂದುಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ.

ಹಂತ 2: ಸೈಟಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ

ಮೊದಲು ಡೇಟಾ. ಒಂದು ಪುಟ 2 ಎಂಬಿ, ಒಬ್ಬರು ಸರಾಸರಿ 3 ಪುಟ ನೋಡುತ್ತಾರೆ, ದಿನಕ್ಕೆ 1,000 ಮಂದಿ ಬರುತ್ತಾರೆ ಎಂದಿಟ್ಟುಕೊಳ್ಳಿ. 2 × 3 × 1,000 × 30 ಅಂದರೆ ತಿಂಗಳಿಗೆ ಸುಮಾರು 180 ಜಿಬಿ. ಬ್ರೌಸರ್ ಕ್ಯಾಶ್ (ಒಮ್ಮೆ ಬಂದದ್ದನ್ನು ಮರುಬಳಕೆಗೆ ಉಳಿಸಿಡುವುದು), ಚಿತ್ರಗಳ ಕುಗ್ಗಿಸುವಿಕೆ, ಸಿಡಿಎನ್ (ನೋಡುಗರ ಹತ್ತಿರದ ಸರ್ವರಿನಿಂದ ಪ್ರತಿ ಕೊಡುವ ಜಾಲ) ಸೇರಿದರೆ ಇದು ತೀರಾ ಇಳಿಯುತ್ತದೆ. ಸಣ್ಣ ಉದ್ಯಮಗಳ ಸೈಟಿಗೆ ಬ್ಯಾಂಡ್‌ವಿಡ್ತ್ ದೊಡ್ಡ ಸಮಸ್ಯೆಯಾಗುವುದು ಅಪರೂಪ.

ಸಮಸ್ಯೆಯಾಗುವುದು ಏಕಕಾಲದ ಬೇಡಿಕೆ. ವರ್ಡ್‌ಪ್ರೆಸ್‌ನಂಥ ಪಿಎಚ್‌ಪಿ ಸೈಟಿನಲ್ಲಿ ಕ್ಯಾಶ್ ಆಗದ ಪ್ರತಿ ಪುಟಕ್ಕೂ ಒಂದು ಪಿಎಚ್‌ಪಿ ಪ್ರೊಸೆಸ್ (ಆ ಪುಟ ತಯಾರಿಸುವ ಪ್ರೋಗ್ರಾಮಿನ ಒಂದು ಓಟ) ಬೇಕು. ಆನ್‌ಲೈನ್ ಅಂಗಡಿಯೊಂದರಲ್ಲಿ ರಿಯಾಯಿತಿ ಮಾರಾಟದ ಹೊತ್ತಿಗೆ 100 ಮಂದಿ ಇದ್ದಾರೆ, ಪ್ರತಿಯೊಬ್ಬರೂ 10 ಸೆಕೆಂಡಿಗೊಮ್ಮೆ ಕ್ಲಿಕ್ ಮಾಡುತ್ತಾರೆ ಎನ್ನಿ. ಸೆಕೆಂಡಿಗೆ 10 ಕೋರಿಕೆ ಬಂತು. ಒಂದು ಪುಟ ತಯಾರಾಗಲು ಅರ್ಧ ಸೆಕೆಂಡ್ ಹಿಡಿದರೆ ಒಂದು ಪ್ರೊಸೆಸ್ ಸೆಕೆಂಡಿಗೆ 2 ಪುಟ ಕೊಡಬಲ್ಲದು. 5 ಪ್ರೊಸೆಸ್‌ಗಳು ಪುರುಸೊತ್ತಿಲ್ಲದೆ ದುಡಿಯಬೇಕು. ಕೋರಿಕೆಗಳು ಒಂದೇ ಸಮನಾಗಿ ಬರುವುದಿಲ್ಲವಾದ್ದರಿಂದ 8ರಿಂದ 10 ಇಟ್ಟುಕೊಳ್ಳುವುದು ಒಳ್ಳೆಯದು. ಅದೇ ಪುಟ ಕೆಟ್ಟ ಪ್ಲಗಿನ್‌ನಿಂದ (ಸೈಟಿಗೆ ಸೇರಿಸುವ ಹೆಚ್ಚುವರಿ ತುಣುಕು) 2 ಸೆಕೆಂಡ್ ಹಿಡಿದರೆ 20 ಪ್ರೊಸೆಸ್ ಬೇಕಾಗುತ್ತದೆ. ದೊಡ್ಡ ಸರ್ವರ್ ಕೊಳ್ಳುವ ಮುಂಚೆ ಪ್ಲಗಿನ್ ಪಟ್ಟಿ ನೋಡಿ ಎನ್ನುವುದು ಇದಕ್ಕೇ.

ಪರಿಚಯದ ಸೈಟು, ಪೋರ್ಟ್‌ಫೋಲಿಯೊ, ಬ್ಲಾಗ್‌ಗಳಲ್ಲಿ ಬಹುತೇಕ ಪುಟಗಳು ಕ್ಯಾಶ್‌ನಿಂದಲೇ ಹೋಗುತ್ತವೆ. ಅಲ್ಲಿ ಈ ಲೆಕ್ಕವೇ ಬೇಕಿಲ್ಲ. ಕಾರ್ಟ್, ಚೆಕ್‌ಔಟ್, ಲಾಗಿನ್ ಆದ ಸದಸ್ಯರ ಪುಟಗಳನ್ನು ಹಾಗೆ ಕ್ಯಾಶ್ ಮಾಡಲಾಗದು. ಆದ್ದರಿಂದ ಗ್ರಾಹಕರಿಗೆ ಕೇಳಬೇಕಾದ್ದು ಎರಡೇ: ಲಾಗಿನ್ ಆಗುವವರು ಎಷ್ಟು ಮಂದಿ, ಒಟ್ಟಿಗೆ ನುಗ್ಗುವ ದಿನ ಯಾವುದು?

ಹಂತ 3: ಬಗೆಯನ್ನು ಆರಿಸಿ

ಸ್ಟ್ಯಾಟಿಕ್ ಸೈಟಾದರೆ ಹೆಚ್ಚು ಯೋಚನೆ ಬೇಡ. ಎಚ್‌ಟಿಎಂಎಲ್ ಕಡತಗಳಷ್ಟೇ ಇರುವ ಸೈಟನ್ನು ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ, ಗಿಟ್‌ಹಬ್ ಪೇಜಸ್‌ನಂಥ ಕಡೆ ಇಡಬಹುದು. ಅಪ್‌ಡೇಟ್ ಮಾಡಬೇಕಾದ ಸರ್ವರ್ ಇಲ್ಲ, ಹ್ಯಾಕ್ ಆಗಲು ಡೇಟಾಬೇಸ್ ಇಲ್ಲ. ಉಚಿತ ಪ್ಲಾನಿನಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಇದೆಯೇ ಎಂದು ಮಾತ್ರ ಷರತ್ತು ಓದಿ. ಉಚಿತವಾದದ್ದು ನಿಲ್ಲಲೂಬಹುದು: ಹೆರೋಕು ಎಂಬ ಹೋಸ್ಟಿಂಗ್ ಕಂಪನಿ ತನ್ನ ಉಚಿತ ಪ್ಲಾನ್‌ಗಳನ್ನು 2022ರ ನವೆಂಬರ್ 28ರಿಂದ ನಿಲ್ಲಿಸಿತು, ಅದನ್ನೇ ನಂಬಿದ್ದವರು ಗ್ರಾಹಕರ ಸೈಟುಗಳನ್ನು ಹೊತ್ತುಕೊಂಡು ಬೇರೆ ಜಾಗ ಹುಡುಕಬೇಕಾಯಿತು.

ಶೇರ್ಡ್ ಹೋಸ್ಟಿಂಗ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಇಲ್ಲಿ ಜಾಹೀರಾತು ಹೇಳುವುದೊಂದು, ಸೈಟಿಗೆ ತಟ್ಟುವುದು ಇನ್ನೊಂದು. ‘ಅನ್‌ಲಿಮಿಟೆಡ್’ ಎಂಬ ಮಾತು ಜಾಗಕ್ಕೆ, ಬ್ಯಾಂಡ್‌ವಿಡ್ತ್‌ಗೆ. ನಿಜವಾದ ಮಿತಿಗಳು ಬೇರೆ ಪುಟದಲ್ಲಿರುತ್ತವೆ. ಬಹಳಷ್ಟು ಶೇರ್ಡ್ ಸರ್ವರ್‌ಗಳು ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುತ್ತವೆ. ಅದು ಪ್ರತಿ ಖಾತೆಗೂ ಸಿಪಿಯು, ಮೆಮೊರಿ, ಡಿಸ್ಕ್ ವೇಗ, ಎಂಟ್ರಿ ಪ್ರೊಸೆಸ್ ಎಂದು ಬೇಲಿ ಹಾಕುತ್ತದೆ. ಎಂಟ್ರಿ ಪ್ರೊಸೆಸ್ 20 ಎಂದಿದ್ದರೆ ಒಂದೇ ಕ್ಷಣದಲ್ಲಿ 20 ಡೈನಾಮಿಕ್ (ಕ್ಯಾಶ್‌ನಿಂದ ಹೋಗದ) ಕೋರಿಕೆಗಳಿಗಷ್ಟೇ ಜಾಗ. ಮುಂದಿನದಕ್ಕೆ 508 ದೋಷ. ಸಿಪಿಯು ಮಿತಿ ಮುಟ್ಟಿದರೆ ದೋಷ ಬರುವುದಿಲ್ಲ, ಸೈಟ್ ತೆವಳುತ್ತದೆ. ಮೆಮೊರಿ ಮುಗಿದರೆ 500 ಅಥವಾ 503. ಗ್ರಾಹಕರು ‘ಸೈಟ್ ಓಪನ್ ಆಗ್ತಿಲ್ಲ’ ಎಂದಾಗ ದೋಷದ ಸಂಖ್ಯೆ ಕೇಳಿದರೆ ಅರ್ಧ ರೋಗ ಗೊತ್ತಾಗುವುದು ಹೀಗೆ. ಸಿಪ್ಯಾನೆಲ್ ಎಂಬ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರಿಸೋರ್ಸ್ ಯೂಸೇಜ್ ಎಂಬ ಕಡೆ ಯಾವ ಮಿತಿಯನ್ನು ಎಷ್ಟು ಸಲ ಮುಟ್ಟಿದೆ ಎಂಬುದು ಕಾಣುತ್ತದೆ.

ಐನೋಡ್ ಮಿತಿ ಇನ್ನೊಂದು ಬಲೆ. ಪ್ರತಿ ಕಡತ, ಪ್ರತಿ ಫೋಲ್ಡರ್, ಇನ್‌ಬಾಕ್ಸ್‌ನ ಪ್ರತಿ ಇಮೇಲ್ ಒಂದೊಂದು ಐನೋಡ್. ಜಾಗ 10 ಜಿಬಿ ಖಾಲಿ ಇದ್ದರೂ ಐನೋಡ್ ಮುಗಿದರೆ ಚಿತ್ರ ಅಪ್‌ಲೋಡ್ ಆಗುವುದಿಲ್ಲ, ಸೆಷನ್ ಕಡತ ಬರೆಯಲಾಗದೆ ಲಾಗಿನ್ ಕೆಡುತ್ತದೆ. ಕ್ಯಾಶ್ ಪ್ಲಗಿನ್‌ಗಳು, ಸರ್ವರ್‌ನಲ್ಲೇ ಬಿಟ್ಟ ನೋಡ್ ಮಾಡ್ಯೂಲ್ಸ್ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ) ಫೋಲ್ಡರ್, ವರ್ಷಗಟ್ಟಲೆ ಅಳಿಸದ ಇಮೇಲ್, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ.

ಶೇರ್ಡ್ ಖಾತೆಯಲ್ಲಿ ತೀರಾ ಸಾಮಾನ್ಯವಾದ ತಪ್ಪೆಂದರೆ ದುಡ್ಡು ಉಳಿಸಲು ಒಂದೇ ಖಾತೆಗೆ ಆಡ್‌ಆನ್ ಡೊಮೇನ್‌ಗಳಾಗಿ ಎಂಟು ಗ್ರಾಹಕರನ್ನು ತುಂಬುವುದು. ಎಂಟೂ ಸೈಟುಗಳು ಒಂದೇ ಯೂಸರ್ ಹೆಸರಲ್ಲಿ ಓಡುತ್ತವೆ. ಒಂದರ ಹಳೆಯ ಪ್ಲಗಿನ್ ಮೂಲಕ ಹ್ಯಾಕರ್ ಒಳಬಂದರೆ ಉಳಿದ ಏಳರ ಕಡತಗಳನ್ನೂ ಬರೆಯಬಲ್ಲ. ಒಂದನ್ನು ಶುಚಿ ಮಾಡುವಷ್ಟರಲ್ಲಿ ಪಕ್ಕದ್ದರಿಂದ ಮತ್ತೆ ಸೋಂಕು. ರೀಸೆಲ್ಲರ್ ಪ್ಯಾಕೇಜಿನ ಮುಖ್ಯ ಪ್ರಯೋಜನ ಇಲ್ಲೇ ಇದೆ: ಪ್ರತಿ ಗ್ರಾಹಕರಿಗೂ ಬೇರೆ ಯೂಸರ್, ಬೇರೆ ಮಿತಿ, ಬೇರೆ ಬ್ಯಾಕಪ್. ಸಿಪ್ಯಾನೆಲ್ 2019ರಿಂದ ಖಾತೆಗಳ ಸಂಖ್ಯೆಯ ಮೇಲೆ ಲೈಸೆನ್ಸ್ ದರ ಹಾಕುತ್ತಿರುವುದರಿಂದ ಅನಿಯಮಿತ ಖಾತೆ ಕೊಡುತ್ತೇವೆನ್ನುವ ಅಗ್ಗದ ರೀಸೆಲ್ಲರ್‌ಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಆ ಖರ್ಚನ್ನು ಅವರು ಎಲ್ಲೋ ಒಂದು ಕಡೆ ಹಿಂಡಿಕೊಳ್ಳಲೇಬೇಕು.

ವಿಪಿಎಸ್ ಅಂದರೆ ಸರ್ವರಿನ ಒಂದು ಪಾಲು ಪೂರ್ತಿ ನಿಮ್ಮದು, ಜೊತೆಗೆ ಅದರ ಎಲ್ಲ ಚಾಕರಿಯೂ ನಿಮ್ಮದು. ಐದು ಪುಟದ ಸೈಟಿಗೆ ವಿಪಿಎಸ್ ಹಾಕುವುದು ಮೂಗಿಗಿಂತ ಮೂಗುತಿ ಭಾರ. ಲಿನಕ್ಸ್ ಕಮಾಂಡ್ ಲೈನ್ ಸಲೀಸಾಗಿ ಬರುತ್ತದೆ, ವಾರಕ್ಕೊಮ್ಮೆ ಲಾಗ್ ನೋಡುವ ತಾಳ್ಮೆ ಇದೆ ಎನ್ನುವವರು ಮಾತ್ರ ಇಳಿಯಬೇಕು. ಕೊಂಡ ದಿನವೇ ಆಗಬೇಕಾದ ಕೆಲಸ ಇಷ್ಟು: ರೂಟ್ (ಪೂರ್ಣ ಅಧಿಕಾರದ ಯೂಸರ್) ಬಿಟ್ಟು ಬೇರೆ ಯೂಸರ್, ಎಸ್‌ಎಸ್‌ಎಚ್‌ಗೆ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಕೀ ಹಾಕಿ ಪಾಸ್‌ವರ್ಡ್ ಲಾಗಿನ್ ಬಂದ್, ಫೈರ್‌ವಾಲ್‌ನಲ್ಲಿ 22 (ಎಸ್‌ಎಸ್‌ಎಚ್), 80, 443 (ವೆಬ್) ಪೋರ್ಟ್ ಮಾತ್ರ ತೆರೆದಿರಲಿ, ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಬರುವಂತಿರಲಿ, 1-2 ಜಿಬಿ ಸ್ವಾಪ್ (ಮೆಮೊರಿ ತುಂಬಿದಾಗ ನೆರವಾಗುವ ಡಿಸ್ಕ್ ಜಾಗ). ಫೈರ್‌ವಾಲ್ ಚಾಲೂ ಮಾಡುವ ಮುಂಚೆ 22ಕ್ಕೆ ಅನುಮತಿ ಕೊಟ್ಟಿದ್ದೀರಾ ಎಂದು ನೋಡಿ. ಇನ್ನೊಂದು ಎಸ್‌ಎಸ್‌ಎಚ್ ಕಿಟಕಿಯನ್ನು ತೆರೆದೇ ಇಟ್ಟುಕೊಂಡು ಈ ಬದಲಾವಣೆ ಮಾಡಿದರೆ ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲುವ ಪಾಡು ತಪ್ಪುತ್ತದೆ. ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸುವವರಿಗೆ ಒಂದು ಕಿವಿಮಾತು: ಡಾಕರ್ ಪ್ರಕಟಿಸಿದ ಪೋರ್ಟುಗಳು ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲನ್ನು ದಾಟಿ ಹೊರಗೆ ತೆರೆದುಕೊಳ್ಳುತ್ತವೆ. ಡೇಟಾಬೇಸ್ ಕಂಟೇನರಿನ ಪೋರ್ಟನ್ನು 127.0.0.1ಕ್ಕೆ (ಸರ್ವರಿನ ಒಳಗಷ್ಟೇ ಸಿಗುವ ವಿಳಾಸ) ಕಟ್ಟದಿದ್ದರೆ ಅದು ಇಡೀ ಜಗತ್ತಿಗೆ ಕಾಣುತ್ತದೆ.

2 ಜಿಬಿ ವಿಪಿಎಸ್‌ನ ಮೆಮೊರಿ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಒಟ್ಟು ಸುಮಾರು 2,000 ಎಂಬಿ. ಆಪರೇಟಿಂಗ್ ಸಿಸ್ಟಮ್ ಮತ್ತು ವೆಬ್ ಸರ್ವರ್ ಪ್ರೋಗ್ರಾಮ್ ಎಂಜಿನ್‌ಎಕ್ಸ್‌ಗೆ 400, ಡೇಟಾಬೇಸ್ ಮರಿಯಾಡಿಬಿಗೆ 500, ಅನಿರೀಕ್ಷಿತಕ್ಕೆ 200 ತೆಗೆದರೆ ಉಳಿಯುವುದು 900. ವರ್ಡ್‌ಪ್ರೆಸ್‌ನ ಒಂದು ಪಿಎಚ್‌ಪಿ ಪ್ರೊಸೆಸ್ 60ರಿಂದ 100 ಎಂಬಿ ತಿನ್ನುತ್ತದೆ. ಅಂದರೆ 9ರಿಂದ 15 ಪ್ರೊಸೆಸ್‌ಗಿಂತ ಹೆಚ್ಚು ಬಿಡಬಾರದು. ಎಲ್ಲಿಂದಲೋ ನಕಲು ಮಾಡಿದ ಸೆಟ್ಟಿಂಗ್‌ನಲ್ಲಿ ಪಿಎಚ್‌ಪಿ-ಎಫ್‌ಪಿಎಂನ (ಪಿಎಚ್‌ಪಿ ಪ್ರೊಸೆಸ್‌ಗಳನ್ನು ನಡೆಸುವ ಪ್ರೋಗ್ರಾಮ್) ಮ್ಯಾಕ್ಸ್ ಚಿಲ್ಡ್ರನ್, ಅಂದರೆ ಗರಿಷ್ಠ ಪ್ರೊಸೆಸ್ ಸಂಖ್ಯೆ, 50 ಎಂದಿದ್ದರೆ ಮಾಮೂಲಿ ದಿನ ಏನೂ ಆಗುವುದಿಲ್ಲ. ಜನ ನುಗ್ಗಿದ ದಿನ 50 × 80 = 4,000 ಎಂಬಿ ಬೇಕಾಗುತ್ತದೆ; ಲಿನಕ್ಸ್ ಕರ್ನಲ್ ಮೆಮೊರಿ ಉಳಿಸಲು ಅತಿ ಹೆಚ್ಚು ತಿಂದ ಪ್ರೊಸೆಸನ್ನು ಕೊಲ್ಲುತ್ತದೆ, ಅದು ಬಹುತೇಕ ಸಲ ಡೇಟಾಬೇಸೇ ಆಗಿರುತ್ತದೆ. ಪರದೆಯ ಮೇಲೆ ಡೇಟಾಬೇಸ್ ಸಂಪರ್ಕವಿಲ್ಲ ಎಂದು ಕಾಣುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಮತ್ತೆ ಬೀಳುತ್ತದೆ. ಡೇಟಾಬೇಸನ್ನು ಬೈದು ಫಲವಿಲ್ಲ. ತಪ್ಪು ಪಿಎಚ್‌ಪಿಯ ಸಂಖ್ಯೆಯಲ್ಲಿದೆ.

ವಿಪಿಎಸ್ ಬೇಕು, ಚಾಕರಿ ಬೇಡ ಎನ್ನುವವರಿಗೆ ಮ್ಯಾನೇಜ್ಡ್ ಹೋಸ್ಟಿಂಗ್ ಇದೆ. ದರ ಜಾಸ್ತಿ, ಆದರೆ ಒಬ್ಬರೇ ದುಡಿಯುವ ಸಂಸ್ಥೆಗೆ ತಿಂಗಳಿಗೆ ನಾಲ್ಕು ಗಂಟೆ ಉಳಿದರೆ ಆ ಹೆಚ್ಚುವರಿ ಹಣ ಬಂದಂತೆಯೇ. ‘ಮ್ಯಾನೇಜ್ಡ್’ ಅಂದರೆ ಏನೇನು ಎಂದು ಮಾತ್ರ ಕೇಳಿ ತಿಳಿಯಿರಿ. ಕೆಲವರಿಗೆ ಅದು ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾತ್ರ, ಹ್ಯಾಕ್ ಆದ ಸೈಟ್ ಶುಚಿ ಮಾಡುವುದು ಅದರಲ್ಲಿ ಸೇರುವುದಿಲ್ಲ.

ದೊಡ್ಡ ಕ್ಲೌಡ್‌ಗಳು (ಎಡಬ್ಲ್ಯೂಎಸ್, ಅಜೂರ್, ಗೂಗಲ್ ಕ್ಲೌಡ್) ಶುರುವಿನ ವ್ಯವಹಾರಕ್ಕೆ ವಿರಳವಾಗಿಯಷ್ಟೇ ಬೇಕಾಗುತ್ತವೆ. ಬಳಸಿದಷ್ಟಕ್ಕೆ ಬಿಲ್ ಎಂದರೆ ಬಿಲ್ ಎಷ್ಟೆಂದು ಮೊದಲೇ ಗೊತ್ತಿಲ್ಲ ಎಂದೇ ಅರ್ಥ. ಹೊರಹೋಗುವ ಡೇಟಾಕ್ಕೂ ಅಲ್ಲಿ ಲೆಕ್ಕವಿದೆ. ಬಳಸುವುದೇ ಆದರೆ ಮೊದಲ ದಿನವೇ ಬಜೆಟ್ ಎಚ್ಚರಿಕೆ ಹಾಕಿ. ಎಚ್ಚರಿಕೆ ಇಮೇಲ್ ಕಳಿಸುತ್ತದೆಯೇ ಹೊರತು ಖರ್ಚನ್ನು ನಿಲ್ಲಿಸುವುದಿಲ್ಲ.

ಹಂತ 4: ಸಣ್ಣಕ್ಷರ ಓದಿ

ಮೊದಲ ವರ್ಷದ ದರ ಮರೆತುಬಿಡಿ, ನವೀಕರಣದ ದರ ನೋಡಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ಎರಡು ಮೂರು ಪಟ್ಟಾಗುವುದು ಮಾಮೂಲು. ಗ್ರಾಹಕರಿಗೆ ನೀವು ಹೇಳುವ ವಾರ್ಷಿಕ ಶುಲ್ಕವನ್ನು ಈ ಎರಡನೆಯ ದರದ ಮೇಲೇ ಲೆಕ್ಕ ಹಾಕಿ.

ಅಪ್‌ಟೈಮ್ (ಸೈಟ್ ಚಾಲೂ ಇರುವ ಸಮಯ) ಶೇ 99.9 ಎಂದರೆ 30 ದಿನಗಳ ತಿಂಗಳಲ್ಲಿ 43 ನಿಮಿಷ ಬಿದ್ದಿದ್ದರೂ ಅವರು ಮಾತಿಗೆ ತಪ್ಪಿದಂತಲ್ಲ. ಶೇ 99.99 ಆದರೆ ಸುಮಾರು 4 ನಿಮಿಷ. ಮಾತು ತಪ್ಪಿದರೂ ಸಿಗುವುದು ಆ ತಿಂಗಳ ಬಿಲ್ಲಿನಲ್ಲಿ ಒಂದಿಷ್ಟು ಕಡಿತ. ಗ್ರಾಹಕರ ಅಂಗಡಿಗೆ ತಪ್ಪಿದ ಮಾರಾಟವನ್ನು ಯಾರೂ ಕಟ್ಟಿಕೊಡುವುದಿಲ್ಲ. ನಿಮ್ಮ ಒಪ್ಪಂದದಲ್ಲಿ ಹೋಸ್ಟಿಂಗ್ ಕಂಪನಿ ನಿಮಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಅಪ್‌ಟೈಮ್ ಭರವಸೆ ಬರೆಯಬೇಡಿ.

ಸರ್ವರ್ ಎಲ್ಲಿದೆ ಎಂಬುದು ವೇಗಕ್ಕೆ ನೇರ ಸಂಬಂಧಿಸಿದ್ದು. ಹೊಸ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಟಿಸಿಪಿಗೆ (ಸಂಪರ್ಕ ಕಟ್ಟಲು) ಒಂದು ಸುತ್ತು, ಟಿಎಲ್‌ಎಸ್ 1.3ಕ್ಕೆ (ಗೂಢಲಿಪಿಗೆ) ಒಂದು, ಪುಟ ಕೇಳಿ ಪಡೆಯಲು ಒಂದು, ಹೀಗೆ ಮೂರು ಸಲ ಹೋಗಿಬರಬೇಕು. ಒಂದು ಸುತ್ತಿಗೆ 150 ಮಿಲಿಸೆಕೆಂಡ್ ಆಗುವಷ್ಟು ದೂರದಲ್ಲಿದ್ದರೆ ಸರ್ವರ್ ಎಷ್ಟೇ ಚುರುಕಾಗಿದ್ದರೂ ಮೊದಲ ಬೈಟಿಗೆ 450 ಮಿಲಿಸೆಕೆಂಡ್ ಕಾಯಲೇಬೇಕು. ಮೊದಲ ಬೈಟ್ 0.8 ಸೆಕೆಂಡಿನೊಳಗೆ ಬರಲಿ ಎಂಬುದು ಗೂಗಲ್‌ನ ಸಲಹೆ. ಅದರ ಅರ್ಧಕ್ಕಿಂತ ಹೆಚ್ಚು ಹಾದಿಯಲ್ಲೇ ಕಳೆದುಹೋಯಿತು. ಸೈಟ್ ನೋಡುವ ಜನ ಎಲ್ಲಿದ್ದಾರೋ ಅದರ ಹತ್ತಿರದ ಡೇಟಾ ಸೆಂಟರ್ ಆರಿಸಿ, ನಿಮ್ಮ ಹತ್ತಿರದ್ದಲ್ಲ.

ಎಸ್‌ಎಸ್‌ಎಚ್ ಇದೆಯೇ, ಗಿಟ್‌ನಿಂದ ನೇರ ಡಿಪ್ಲಾಯ್ ಆಗುತ್ತದೆಯೇ, ಪಿಎಚ್‌ಪಿ ಆವೃತ್ತಿಯನ್ನು ಪ್ರತಿ ಸೈಟಿಗೂ ಬೇರೆ ಇಡಬಹುದೇ, ಸ್ಟೇಜಿಂಗ್ (ಬದಲಾವಣೆ ಪರೀಕ್ಷಿಸಲು ಸೈಟಿನ ನಕಲು) ಸೌಲಭ್ಯ ಇದೆಯೇ, ಇವಿಷ್ಟನ್ನೂ ಖಚಿತ ಮಾಡಿಕೊಳ್ಳಿ. 2022ರ ನವೆಂಬರ್‌ನಲ್ಲಿ ಬೆಂಬಲ ಮುಗಿದ ಪಿಎಚ್‌ಪಿ 7.4ನ್ನೇ ಡೀಫಾಲ್ಟ್ ಆಗಿ ಇಟ್ಟಿರುವ ಕಂಪನಿ ಸಿಕ್ಕರೆ ಉಳಿದದ್ದನ್ನು ನೋಡುವ ಅಗತ್ಯವಿಲ್ಲ.

ಹಂತ 5: ಕೊಂಡ ಮೊದಲ ವಾರ ಹಿಂಸೆ ಕೊಟ್ಟು ನೋಡಿ

ಮೂರು ವರ್ಷಕ್ಕೆ ಒಮ್ಮೆಲೇ ಕಟ್ಟಬೇಡಿ. ಒಂದು ತಿಂಗಳಿಗೆ ಕೊಂಡು, ಹಣ ವಾಪಸ್ ಅವಧಿಯೊಳಗೆ ನಿಜವಾದ ಸೈಟೊಂದರ ನಕಲು ಹಾಕಿ. ಖಾಲಿ ವರ್ಡ್‌ಪ್ರೆಸ್ ಎಲ್ಲ ಕಡೆಯೂ ಚೆನ್ನಾಗಿಯೇ ಓಡುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕ್ಯಾಶ್ ಬಂದ್ ಮಾಡಿ ಮೊದಲ ಬೈಟಿನ ಸಮಯವನ್ನು ಬೆಳಗ್ಗೆ, ಸಂಜೆ, ನಡುರಾತ್ರಿ ಅಳೆಯಿರಿ. ಸಂಜೆಯ ಅಂಕಿ ರಾತ್ರಿಯದಕ್ಕಿಂತ ದುಪ್ಪಟ್ಟಾದರೆ ಆ ಸರ್ವರಿನಲ್ಲಿ ಜನ ಕಿಕ್ಕಿರಿದಿದ್ದಾರೆ. ವಿಪಿಎಸ್ ಆದರೆ ಟಾಪ್ ಕಮಾಂಡಿನಲ್ಲಿ ಸ್ಟೀಲ್ ಎಂಬ ಅಂಕಿ ನೋಡಿ; ನಿಮ್ಮ ಪಾಲಿನ ಸಿಪಿಯು ಸಮಯವನ್ನು ನೆರೆಯವರು ಎಷ್ಟು ಕಸಿದರು ಎಂಬುದು ಅದು. ಸತತವಾಗಿ ಶೇ 10 ದಾಟಿದರೆ ಬೇರೆ ಕಡೆ ನೋಡುವುದೇ ಲೇಸು.

ಸಪೋರ್ಟ್‌ಗೆ ರಜಾದಿನ ರಾತ್ರಿ ಒಂದು ತಾಂತ್ರಿಕ ಪ್ರಶ್ನೆ ಕಳಿಸಿ. ಎಂಟ್ರಿ ಪ್ರೊಸೆಸ್ ಮಿತಿ ಎಷ್ಟು, ಬ್ಯಾಕಪ್ ಯಾವ ಜಾಗದಲ್ಲಿದೆ ಎಂದು ಕೇಳಿದಾಗ ಅಂಕಿ ಸಮೇತ ಉತ್ತರ ಬಂದರೆ ಸರಿ. ಕೇಳಿದ್ದಕ್ಕೆ ಉತ್ತರ ಬಿಟ್ಟು ದೊಡ್ಡ ಪ್ಲಾನ್ ಕೊಳ್ಳಿ ಎಂಬ ಮಾತೇ ಬಂದರೆ, ಸೈಟ್ ಬಿದ್ದ ದಿನವೂ ಅದೇ ಮಾತು ಬರುತ್ತದೆ.

ಹಂತ 6: ಇಮೇಲನ್ನು ವೆಬ್ ಸರ್ವರ್‌ನಿಂದ ಬೇರೆ ಇಡಿ

ಹೋಸ್ಟಿಂಗ್ ಜೊತೆ ಇಮೇಲ್ ಉಚಿತ ಎಂದಾಗ ಆಸೆಯಾಗುವುದು ಸಹಜ. ಶೇರ್ಡ್ ಸರ್ವರಿನ ಒಂದೇ ಐಪಿಯನ್ನು (ಇಂಟರ್‌ನೆಟ್ ವಿಳಾಸ) ನೂರಾರು ಮಂದಿ ಹಂಚಿಕೊಂಡಿರುತ್ತಾರೆ. ಅವರಲ್ಲೊಬ್ಬರ ಸೈಟ್ ಹ್ಯಾಕ್ ಆಗಿ ಸ್ಪ್ಯಾಮ್ ಹೊರಟರೆ ಐಪಿ ಕಪ್ಪುಪಟ್ಟಿಗೆ ಸೇರುತ್ತದೆ, ನಿಮ್ಮ ಗ್ರಾಹಕರ ಇನ್‌ವಾಯ್ಸ್ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತದೆ. ಬಹಳಷ್ಟು ಕ್ಲೌಡ್ ಕಂಪನಿಗಳು ವಿಪಿಎಸ್‌ನಲ್ಲಿ ಇಮೇಲ್ ಹೊರಹೋಗುವ 25ನೇ ಪೋರ್ಟನ್ನೇ ಮುಚ್ಚಿರುತ್ತವೆ. ಆದ್ದರಿಂದ ಇನ್‌ಬಾಕ್ಸ್‌ಗಳಿಗೆ ಪ್ರತ್ಯೇಕ ಇಮೇಲ್ ಸೇವೆ, ಸೈಟಿನ ಫಾರ್ಮ್ ಮತ್ತು ಆರ್ಡರ್ ಸಂದೇಶಗಳಿಗೆ 587ನೇ ಪೋರ್ಟಿನಲ್ಲಿ ಎಸ್‌ಎಂಟಿಪಿ (ಇಮೇಲ್ ಕಳಿಸುವ) ಸೇವೆ ಇರಲಿ.

ಇಮೇಲ್ ನಿಜವಾಗಿಯೂ ಆ ಡೊಮೇನಿನದ್ದೇ ಎಂದು ತೋರಿಸಲು ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನೂ ಹಾಕಿ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಎಸ್‌ಪಿಎಫ್ ದಾಖಲೆ ಒಂದು ಡೊಮೇನಿಗೆ ಒಂದೇ ಇರಬೇಕು. ಎರಡನೆಯ ಸೇವೆ ಸೇರಿಸುವಾಗ ಹೊಸ ದಾಖಲೆ ಹಾಕಿದರೆ ಎರಡೂ ಅಮಾನ್ಯವಾಗುತ್ತವೆ. ಇರುವ ಸಾಲಿನಲ್ಲೇ ಸೇರಿಸಿ, ಮತ್ತು ಡಿಎನ್‌ಎಸ್ ಹುಡುಕಾಟ 10ನ್ನು ದಾಟದಂತೆ ನೋಡಿಕೊಳ್ಳಿ.

ತುಂಬ ಜನರನ್ನು ಕಾಡುವ ವಿಚಿತ್ರ ದೋಷವೊಂದಿದೆ. ಇಮೇಲ್ ಗೂಗಲ್‌ಗೆ ಹೋಗಿದೆ, ಹೊರಗಿನವರ ಪತ್ರಗಳೆಲ್ಲ ಬರುತ್ತವೆ, ಸೈಟಿನ ಸಂಪರ್ಕ ಫಾರ್ಮಿನದ್ದು ಮಾತ್ರ ಬರುವುದಿಲ್ಲ, ದೋಷ ಸಂದೇಶವೂ ಇಲ್ಲ. ಕಾರಣ, ಸಿಪ್ಯಾನೆಲ್‌ನಲ್ಲಿ ಇಮೇಲ್ ರೌಟಿಂಗ್ ಇನ್ನೂ ಲೋಕಲ್ ಎಂದೇ ಇದೆ. ಆ ಡೊಮೇನಿನ ಪತ್ರ ತನ್ನದೇ ಎಂದುಕೊಂಡು ಸರ್ವರ್ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅದನ್ನು ರಿಮೋಟ್ ಎಂದು ಬದಲಿಸಿದರೆ ಸಾಕು.

ಹಂತ 7: ಬ್ಯಾಕಪ್ ಬೇರೆ ಕಂಪನಿಯಲ್ಲಿರಲಿ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಎಸ್‌ಬಿಜಿ2 ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾಯಿತು. ಸರ್ವರ್ ಮತ್ತು ಬ್ಯಾಕಪ್ ಎರಡನ್ನೂ ಅದೇ ಆವರಣದಲ್ಲಿಟ್ಟವರಿಗೆ ಎರಡೂ ಹೋದವು. ಬೆಂಕಿಯೇ ಬೇಕೆಂದಿಲ್ಲ, ಬಿಲ್ ತಕರಾರಿನಲ್ಲಿ ಖಾತೆ ಅಮಾನತಾದರೂ ಒಳಗಿನ ಬ್ಯಾಕಪ್ ಕೈಗೆ ಸಿಗುವುದಿಲ್ಲ.

2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಆದದ್ದು ಇನ್ನೂ ಪಾಠದಂತಿದೆ. ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಆವೃತ್ತಿ ಹೊಂದದೆ ಅದು ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಹೇಳುವ ಇಮೇಲ್‌ಗಳು ಡಿಮಾರ್ಕ್ ತಪಾಸಣೆಯಲ್ಲಿ ತಿರಸ್ಕೃತವಾಗುತ್ತಿದ್ದವು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಸ್ನ್ಯಾಪ್‌ಶಾಟ್ ಒಂದು ಸಿಕ್ಕಿತು.

ಹಾಗಾಗಿ ಕ್ರಮ ಹೀಗಿರಲಿ. ಡೇಟಾಬೇಸ್ ಮತ್ತು ಕಡತಗಳ ನಕಲು ದಿನಕ್ಕೊಮ್ಮೆ ಇನ್ನೊಂದು ಕಂಪನಿಯ ಸ್ಟೋರೇಜಿಗೆ ಹೋಗಲಿ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಸಾಧನಗಳು ಈ ಕೆಲಸಕ್ಕೆ ಚೆನ್ನಾಗಿವೆ. 7 ದಿನದ್ದು, 4 ವಾರದ್ದು, 6 ತಿಂಗಳದ್ದು ಉಳಿಸಿ. ತಿಂಗಳ ಪ್ರತಿಗಳೇಕೆಂದರೆ ಸೋಂಕು ಹೊಕ್ಕ ಎಷ್ಟೋ ವಾರಗಳ ಮೇಲೆ ಅದು ಕಣ್ಣಿಗೆ ಬೀಳುತ್ತದೆ; ಆಗ ಏಳು ದಿನದ ಪ್ರತಿಗಳೆಲ್ಲವೂ ಸೋಂಕಿನವೇ. ಸರ್ವರಿನಲ್ಲಿಟ್ಟ ಕೀಗೆ ಬ್ಯಾಕಪ್ ಬರೆಯುವ ಅಧಿಕಾರವಿರಲಿ, ಅಳಿಸುವ ಅಧಿಕಾರ ಬೇಡ. ಮೂರು ತಿಂಗಳಿಗೊಮ್ಮೆ ಒಂದು ಸೈಟನ್ನು ಖಾಲಿ ಜಾಗಕ್ಕೆ ಮರುಸ್ಥಾಪಿಸಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ಗ್ರಾಹಕರು ‘ಎಷ್ಟು ಹೊತ್ತಿಗೆ ಬರುತ್ತೆ’ ಎಂದು ಕೇಳಿದಾಗ ಕೊಡಬಹುದಾದ ಪ್ರಾಮಾಣಿಕ ಉತ್ತರ ಆ ಅಂಕಿಯೇ.

ಎಸ್‌ಎಸ್‌ಎಲ್ (ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ) ನವೀಕರಣವೂ ತಾನಾಗಿಯೇ ಆಗಬೇಕು. ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳು ಮಾಮೂಲಾಗಿ 90 ದಿನದವು, ಮತ್ತು ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆಯ ಇಮೇಲನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ. ದುಡ್ಡು ಕೊಟ್ಟು ಕೊಳ್ಳುವ ಪ್ರಮಾಣಪತ್ರಗಳ ಗರಿಷ್ಠ ಅವಧಿಯೂ 2026ರ ಮಾರ್ಚ್‌ನಿಂದ 200 ದಿನ, 2029ರ ಮಾರ್ಚ್‌ನಿಂದ 47 ದಿನ ಎಂದು ನಿಗದಿಯಾಗಿದೆ. ಕೈಯಲ್ಲಿ ಹಾಕುವ ಕಾಲ ಮುಗಿಯಿತು. ಹೊರಗಿನ ನಿಗಾ ಸೇವೆಯೊಂದನ್ನು ಸೈಟಿನ ಲಭ್ಯತೆಗೂ ಪ್ರಮಾಣಪತ್ರದ ದಿನಾಂಕಕ್ಕೂ ಕಟ್ಟಿಡಿ. ಪುಟ 200 (ಎಲ್ಲ ಸರಿ ಎಂಬ ಸಂಕೇತ) ಎಂದು ಉತ್ತರಿಸಿದರೆ ಸಾಲದು, ಪುಟದಲ್ಲಿರುವ ಒಂದು ಪದ ಕಾಣುತ್ತಿದೆಯೇ ಎಂದೂ ಪರೀಕ್ಷಿಸುವಂತಿರಲಿ. ಬಿಳಿ ಹಾಳೆಯಂತೆ ಖಾಲಿ ಬಂದ ಪುಟವೂ ಎಷ್ಟೋ ಸಲ 200 ಎಂದೇ ಹೇಳುತ್ತದೆ.

ಹಂತ 8: ದರ ಮತ್ತು ಕಾಗದ

ಹೋಸ್ಟಿಂಗ್ ಬಿಲ್ಲಿಗೆ ಸ್ವಲ್ಪ ಸೇರಿಸಿ ಮಾರುವುದು ನಷ್ಟದ ದಾರಿ. ನಿಜವಾದ ಖರ್ಚು ನಿಮ್ಮ ಸಮಯ. ಒಂದು ವರ್ಡ್‌ಪ್ರೆಸ್ ಸೈಟಿನ ಅಪ್‌ಡೇಟ್, ಪರಿಶೀಲನೆ, ಸಣ್ಣಪುಟ್ಟ ಕರೆಗಳಿಗೆ ತಿಂಗಳಿಗೆ ಒಂದು ಗಂಟೆ ಹಿಡಿಯಿರಿ. ಅದನ್ನು ನಿಮ್ಮ ಗಂಟೆಯ ದರಕ್ಕೆ ಗುಣಿಸಿ, ಹೋಸ್ಟಿಂಗ್, ಬ್ಯಾಕಪ್, ಪ್ಲಗಿನ್ ಲೈಸೆನ್ಸ್‌ಗಳ ಪಾಲು ಕೂಡಿಸಿ, ಅನಿರೀಕ್ಷಿತಕ್ಕೆ ಐದರಲ್ಲೊಂದು ಭಾಗ ಸೇರಿಸಿ. ವರ್ಷದ ಹಣ ಮುಂಗಡವಾಗಿ ಬರಲಿ.

ಒಪ್ಪಂದದಲ್ಲಿ ಸ್ಪಷ್ಟವಾಗಬೇಕಾದ್ದು: ಕರೆಗೆ ಉತ್ತರಿಸುವ ವೇಳೆ, ಶುಲ್ಕದೊಳಗೆ ಸೇರುವ ಕೆಲಸ, ಹ್ಯಾಕ್ ಆದರೆ ಖರ್ಚು ಯಾರದು, ಹಣ ಬಾರದಿದ್ದರೆ ಎಷ್ಟು ದಿನದ ನೋಟಿಸ್, ಬಿಟ್ಟುಹೋಗುವವರಿಗೆ ಏನೇನು ಒಪ್ಪಿಸುತ್ತೀರಿ. ಕೊನೆಯದರಲ್ಲಿ ಕಡತಗಳು, ಡೇಟಾಬೇಸ್ ಡಂಪ್ (ಪೂರ್ತಿ ಪ್ರತಿ), ಡಿಎನ್‌ಎಸ್ ದಾಖಲೆಗಳ ಪಟ್ಟಿ ಇರಲಿ. ಬಾಕಿ ಹಣಕ್ಕಾಗಿ ಡೊಮೇನ್ ಹಿಡಿದಿಟ್ಟುಕೊಂಡರೆ ಜಗಳವೂ ಗೆಲ್ಲುವುದಿಲ್ಲ, ಹೆಸರೂ ಉಳಿಯುವುದಿಲ್ಲ.

ಹಂತ 9: ಜಾಗ ಬದಲಿಸುವ ದಿನ

ಯಾವ ಆಯ್ಕೆಯೂ ಶಾಶ್ವತವಲ್ಲ. ಸ್ಥಳಾಂತರ ಗೊತ್ತಿದ್ದವರಿಗೆ ತಪ್ಪು ಆಯ್ಕೆಯ ಭಯವೂ ಇರುವುದಿಲ್ಲ.

ಎರಡು ದಿನ ಮುಂಚೆ ಡಿಎನ್‌ಎಸ್‌ನ ಟಿಟಿಎಲ್ ಅನ್ನು (ವಿಳಾಸವನ್ನು ಎಷ್ಟು ಹೊತ್ತು ನೆನಪಿಡಬೇಕೆಂಬ ಅವಧಿ) 300 ಸೆಕೆಂಡಿಗೆ ಇಳಿಸಿ. ಬದಲಿಸುವ ಗಳಿಗೆಯಲ್ಲಿ ಇಳಿಸಿದರೆ ಪ್ರಯೋಜನವಿಲ್ಲ, ಹಳೆಯ ಟಿಟಿಎಲ್ ಹಿಡಿದ ರಿಸಾಲ್ವರ್‌ಗಳು (ವಿಳಾಸ ಹುಡುಕಿಕೊಡುವ ಸರ್ವರ್‌ಗಳು) ಅಷ್ಟು ಹೊತ್ತು ಹಳೆಯ ವಿಳಾಸವನ್ನೇ ಕೊಡುತ್ತಿರುತ್ತವೆ. ಕಡತಗಳನ್ನು ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಮೊದಲೇ ಸಾಗಿಸಿ. ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಡೊಮೇನಿಗೆ ಹೊಸ ಐಪಿ ಬರೆದು ಹೊಸ ಜಾಗದಲ್ಲಿ ಫಾರ್ಮ್, ಲಾಗಿನ್, ಚೆಕ್‌ಔಟ್ ಎಲ್ಲ ಪರೀಕ್ಷಿಸಿ. ಆಮೇಲೆ ಹಳೆಯ ಸೈಟನ್ನು ನಿರ್ವಹಣಾ ಸ್ಥಿತಿಗೆ ಹಾಕಿ, ಕೊನೆಯ ಡೇಟಾಬೇಸ್ ಡಂಪ್ ತೆಗೆದು ಹೊಸದಕ್ಕೆ ಏರಿಸಿ, ವಿಳಾಸ ಬದಲಿಸಿ. ನಿರ್ವಹಣಾ ಸ್ಥಿತಿಗೆ ಹಾಕದೆ ಬದಲಿಸಿದರೆ ಕೆಲವು ಆರ್ಡರ್‌ಗಳು ಹಳೆಯ ಡೇಟಾಬೇಸಿಗೆ, ಕೆಲವು ಹೊಸದಕ್ಕೆ ಬಿದ್ದು, ಎರಡನ್ನೂ ಕೂಡಿಸುವುದು ಒಂದು ಕೆಲಸವಾಗುತ್ತದೆ.

ಸಾಧ್ಯವಾದರೆ ಎ ದಾಖಲೆಯೊಂದನ್ನೇ (ಡೊಮೇನನ್ನು ಐಪಿಗೆ ಜೋಡಿಸುವ ಸಾಲು) ಬದಲಿಸಿ, ನೇಮ್‌ಸರ್ವರ್ (ಡೊಮೇನಿನ ಎಲ್ಲ ಡಿಎನ್‌ಎಸ್ ದಾಖಲೆಗಳಿರುವ ಸರ್ವರ್) ಮುಟ್ಟಬೇಡಿ. ನೇಮ್‌ಸರ್ವರ್ ಬದಲಿಸಿದರೆ ಡಿಎನ್‌ಎಸ್ ಪೂರ್ತಿ ಹೊಸ ಕಡೆಯಿಂದ ಓದಲ್ಪಡುತ್ತದೆ. ಅಲ್ಲಿ ಎಂಎಕ್ಸ್ ದಾಖಲೆ (ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಸಾಲು) ಇಲ್ಲದಿದ್ದರೆ ಸೈಟ್ ಚೆನ್ನಾಗಿ ತೆರೆದರೂ ಕಚೇರಿಯ ಇಮೇಲ್ ಸದ್ದಿಲ್ಲದೆ ನಿಂತಿರುತ್ತದೆ. ಬದಲಿಸಲೇಬೇಕಾದರೆ ಎಂಎಕ್ಸ್, ಟಿಎಕ್ಸ್‌ಟಿ, ಸಿನೇಮ್ ಎಲ್ಲವನ್ನೂ ಮೊದಲು ಹೊಸ ಕಡೆ ಬರೆದು, ಎರಡನ್ನೂ ಸಾಲುಸಾಲಾಗಿ ಹೋಲಿಸಿ. ಕ್ರಾನ್ ಕೆಲಸಗಳು (ನಿಗದಿತ ವೇಳೆಗೆ ತಾವಾಗಿ ಓಡುವವು) ಡೇಟಾಬೇಸ್ ಜೊತೆ ಬರುವುದಿಲ್ಲ, ಕೈಯಿಂದಲೇ ಮತ್ತೆ ಹಾಕಬೇಕು. ಹಳೆಯ ಕಡೆ ಅವನ್ನು ನಿಲ್ಲಿಸದಿದ್ದರೆ ಗ್ರಾಹಕರಿಗೆ ಒಂದೇ ಜ್ಞಾಪನಾ ಸಂದೇಶ ಎರಡು ಸಲ ಹೋಗುತ್ತದೆ.

ಹಳೆಯ ಖಾತೆಯನ್ನು ಎರಡು ವಾರವಾದರೂ ಉಳಿಸಿ. ಅದರ ಆಕ್ಸೆಸ್ ಲಾಗಿನಲ್ಲಿ ಬಾಟ್‌ಗಳ ಹೊರತು ಯಾರೂ ಕಾಣದಾದಾಗ ಪೂರ್ತಿ ಬ್ಯಾಕಪ್ ಒಂದನ್ನು ಇಳಿಸಿಕೊಂಡು, ತಾನಾಗಿ ನವೀಕರಣವಾಗುವ ಆಯ್ಕೆಯನ್ನು ತೆಗೆದು, ಖಾತೆ ಮುಚ್ಚಿ. ಟಿಟಿಎಲ್ ಅನ್ನು ಮತ್ತೆ 3,600 ಸೆಕೆಂಡಿಗೆ ಏರಿಸಿ.